'ಚಿರಸ್ಮರಣೆ'ಯಲ್ಲಿ ಎಷ್ಟು ನಿಜ? ಕಯ್ಯೂರಿನ ಹೊಳೆಯಿಂದ ರಷ್ಯದ ರಣರಂಗದವರೆಗೆ

ಜವಳಗಿರಿ: ದೆಂಕಣಿಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಒಂದೇ ಮನೆಯೊಳಗೆ ಎರಡು ಓದು ನಡೆಯುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ತಾತ ಬೆಂಗಳೂರಿನ ಕನ್ನಡ ಪೇಪರ್ ಹಿಡಿದು ಜಗಲಿಯಲ್ಲಿ ಕೂರುತ್ತಾರೆ. 2006ರ ತಮಿಳು ಕಲಿಕೆ ಕಾನೂನಿನ ನಂತರ ಶಾಲೆಗೆ ಸೇರಿದ ಮೊಮ್ಮಗ ಒಂದನೇ ತರಗತಿಯಿಂದಲೇ ತಮಿಳು ಓದಿದವನು. ಮನೆಯಲ್ಲಿ ಆಡುವುದು ಕನ್ನಡವಾದರೂ ಪುಸ್ತಕ ಹಿಡಿದರೆ ಅವನ ಕಣ್ಣು ಓಡುವುದು ತಮಿಳಿನಲ್ಲಿ. ಈ ಇಬ್ಬರೂ ಅವರವರ ಅಕ್ಷರದಲ್ಲಿ ಓದಬಹುದಾದ ಕನ್ನಡ ಕಾದಂಬರಿಗಳು ಎಷ್ಟಿವೆ? ಹೆಚ್ಚೇನಿಲ್ಲ.

ಇರುವವುಗಳಲ್ಲಿ ಒಂದು, ನಿರಂಜನರ 'ಚಿರಸ್ಮರಣೆ'. 1955ರಲ್ಲಿ ಬಂದ ಈ ಕಾದಂಬರಿ ತಮಿಳಿನಲ್ಲಿ 'ನಿನೈವುಗಳ್ ಅಳಿವದಿಲ್ಲೈ' ಎಂಬ ಹೆಸರಿನಲ್ಲಿದೆ. ಗಡಿನಾಡಿನ ಓದುಗರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಮಿಳುನಾಡಿನ ರೈತ ಸಂಘಗಳ, ಎಡಪಕ್ಷಗಳ ಕಾರ್ಯಕರ್ತರಲ್ಲಿ ಎಷ್ಟೋ ಮಂದಿ ಈ ಪುಸ್ತಕ ಓದಿ ಬೆಳೆದವರು. ಮೂಲ ಕನ್ನಡದ್ದು ಎಂಬುದು ಅವರಲ್ಲಿ ಕೆಲವರಿಗೆ ಗೊತ್ತೇ ಇರುವುದಿಲ್ಲ, ಕತೆ ಕೇರಳದ್ದಲ್ಲವೇ ಎಂದುಕೊಂಡಿರುತ್ತಾರೆ. ಕತೆ ಕೇರಳದ್ದೇ, ಕಾದಂಬರಿ ಮಾತ್ರ ಕನ್ನಡದ್ದು.

ಓದಿ ಮುಗಿಸಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಇದೆಲ್ಲ ನಡೆದದ್ದೋ, ಕಟ್ಟಿದ್ದೋ? ಗಲ್ಲಿಗೇರಿದ ನಾಲ್ವರ ಹೆಸರೂ ನಿಜ, ಊರಿನ ಹೆಸರೂ ನಿಜ. ಹಾಗಾದರೆ ಉಳಿದದ್ದು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಕಯ್ಯೂರಿಗೆ ಹೋಗಬೇಕು. ಆಮೇಲೆ, ಸ್ವಲ್ಪ ದೂರವಾದರೂ, ಅದೇ ವರ್ಷಗಳ ರಷ್ಯದ ರಣರಂಗಕ್ಕೂ ಹೋಗಿಬರಬೇಕು. ನಡೆದ ಘಟನೆಯನ್ನು ಕತೆಯಾಗಿ ಬರೆಯುವವನ ಕಷ್ಟ ಏನೆಂಬುದು ಅಲ್ಲಿನ ಒಬ್ಬ ಲೇಖಕನ ಅನುಭವದಲ್ಲಿ ಚೆನ್ನಾಗಿ ಕಾಣುತ್ತದೆ.

ಹೊಳೆದಂಡೆಯಲ್ಲಿ ನಡೆದದ್ದು

ಕಯ್ಯೂರು ಇಂದಿನ ಕಾಸರಗೋಡು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ತೇಜಸ್ವಿನಿ ಹೊಳೆಯ ದಂಡೆಯಲ್ಲಿರುವ ಹಳ್ಳಿ. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜವಳಗಿರಿ ಇದ್ದದ್ದು ಸೇಲಂ ಜಿಲ್ಲೆಯಲ್ಲಿ. ಅಂದರೆ ಎರಡೂ ಊರುಗಳಿಗೆ ಸರ್ಕಾರ ಒಂದೇ, ಹೈಕೋರ್ಟೂ ಒಂದೇ. 1937ರಿಂದ 1939ರವರೆಗೆ ಆ ಸರ್ಕಾರದ ಪ್ರಧಾನಿ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ. ಮಲಬಾರ್ ಮತ್ತು ಕಾಸರಗೋಡು ಕಡೆ ರೈತ ಸಂಘಗಳು ಬಲಿತದ್ದೂ ಅದೇ ಕಾಲದಲ್ಲಿ.

ಕಯ್ಯೂರಿನ ಗೇಣಿದಾರರ ಕಷ್ಟ ಏನಿತ್ತು? ಗೇಣಿ ಕೊಡುವುದು ಇದ್ದೇ ಇತ್ತು. ಅದರ ಮೇಲೆ ವಾಶಿ, ನುರಿ, ಮುಕ್ಕಾಲು ಎಂದು ಬೇರೆ ಬೇರೆ ಹೆಸರಿನಲ್ಲಿ ಜನ್ಮಿಗಳು, ಅಂದರೆ ಭೂಮಾಲೀಕರು, ಲೆಕ್ಕಕ್ಕಿಲ್ಲದ ವಸೂಲಿ ಮಾಡುತ್ತಿದ್ದರು. ಹಬ್ಬ ಬಂದರೆ ಕಾಣಿಕೆ ಕೊಡಬೇಕು. ಕೊಡದವರ ಭೂಮಿಯನ್ನು ಮತ್ತೊಬ್ಬರಿಗೆ ಬರೆದುಕೊಟ್ಟು ಎಬ್ಬಿಸಬಹುದಿತ್ತು. ಮಲಬಾರ್ ಜಿಲ್ಲೆಯ ಗೇಣಿದಾರರಿಗೆ 1930ರ ಗೇಣಿ ಕಾಯ್ದೆಯಾದರೂ ಇತ್ತು. ಜಿಲ್ಲೆಯ ಗೆರೆಯ ಈಚೆಗಿದ್ದ ಕಯ್ಯೂರಿಗೆ ಅದೂ ಇರಲಿಲ್ಲ. ಗೆರೆಯ ಆಚೆ ಒಂದು ಕಾನೂನು, ಈಚೆ ಇನ್ನೊಂದು ಎಂಬ ಅನುಭವ ಗಡಿಯಲ್ಲಿರುವವರಿಗೆ ಹೊಸದೇನಲ್ಲ. ಬಾಗಲೂರು, ಬೇರಿಕೆ, ಸೂಳಗಿರಿ ಪಾಳೇಪಟ್ಟುಗಳ ಕಾಲದ ಮಾತು ಕೇಳಿ ಬೆಳೆದವರಿಗೆ ಉಳಿದದ್ದೂ ಸುಲಭವಾಗಿ ಅರ್ಥವಾದೀತು.

1941ರ ಮಾರ್ಚ್ ಕೊನೆಯ ವಾರ. ಪೊಲೀಸರು ಊರಿಗೆ ನುಗ್ಗಿ ಸಂಘದ ಕಾರ್ಯಕರ್ತರನ್ನು ಹೊಡೆದು ಹಿಡಿದರು. ಅದನ್ನು ವಿರೋಧಿಸಿ ಮಾರ್ಚ್ 28ರಂದು ರೈತರ ಮೆರವಣಿಗೆ ಹೊರಟಿತು. ದಾರಿಯಲ್ಲಿ ಎದುರಾದವನು ಸುಬ್ಬರಾಯನ್ ಎಂಬ ಪೊಲೀಸ್ ಪೇದೆ. ಜನ ಅವನ ಕೈಗೆ ಕೆಂಬಾವುಟ ಕೊಟ್ಟು ಮೆರವಣಿಗೆಯ ಮುಂದೆ ನಡೆಯಲು ಹೇಳಿದರು. ಸ್ವಲ್ಪ ದೂರ ನಡೆದ ಪೇದೆ ತಪ್ಪಿಸಿಕೊಂಡು ಓಡಿ ಹೊಳೆಗೆ ಹಾರಿದ. ದಂಡೆಯಿಂದ ಕಲ್ಲುಗಳು ಬಿದ್ದವು. ಪೇದೆ ಹೊಳೆಯಲ್ಲೇ ಸತ್ತ.

ಇದಾದ ಮೇಲೆ ಊರಿಗೆ ಊರೇ ಪೊಲೀಸರ ಕೈಗೆ ಸಿಕ್ಕಿತು. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಆರೋಪಿಗಳ ಪಟ್ಟಿಯಲ್ಲಿದ್ದ ಇ.ಕೆ. ನಾಯನಾರ್ ತಲೆಮರೆಸಿಕೊಂಡರು. ಇವರೇ ಮುಂದೆ ಮೂರು ಬಾರಿ ಕೇರಳದ ಮುಖ್ಯಮಂತ್ರಿಯಾದವರು. ಐವರಿಗೆ ಮರಣದಂಡನೆಯಾಯಿತು. ಅವರಲ್ಲಿ ಚೂರಿಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಯಕ್ಕೆ ಬಂದಿರದ ಕಾರಣ ಗಲ್ಲಿನಿಂದ ಪಾರಾದರು. ಉಳಿದ ನಾಲ್ವರು ಮಡತ್ತಿಲ್ ಅಪ್ಪು, ಕೊಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್. 1943ರ ಮಾರ್ಚ್ 29ರಂದು ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿ ಈ ನಾಲ್ವರನ್ನು ಗಲ್ಲಿಗೇರಿಸಲಾಯಿತು.

ಇಲ್ಲಿ ಒಂದು ವಿಚಿತ್ರವಿದೆ. ಪೇದೆ ಸತ್ತ ದಿನ ಕಮ್ಯುನಿಸ್ಟ್ ಪಕ್ಷ ನಿಷೇಧದಲ್ಲಿತ್ತು. ಬ್ರಿಟಿಷರ ಯುದ್ಧಕ್ಕೆ ಅದರ ವಿರೋಧವಿತ್ತು. ಮೂರು ತಿಂಗಳೊಳಗೆ, 1941ರ ಜೂನ್ 22ರಂದು, ಹಿಟ್ಲರ್ ಸೋವಿಯತ್ ದೇಶದ ಮೇಲೆ ದಂಡೆತ್ತಿ ಹೋದ. ಆ ಬಳಿಕ ಪಕ್ಷದ ನಿಲುವು ಬದಲಾಗಿ, ಇದು ಜನತೆಯ ಯುದ್ಧ ಎಂದಾಯಿತು. 1942ರ ಜುಲೈಯಲ್ಲಿ ನಿಷೇಧವೂ ಹೋಯಿತು. ಹಾಗಾಗಿ ನಾಲ್ವರು ಗಲ್ಲಿಗೇರುವ ಹೊತ್ತಿಗೆ ಅವರ ಪಕ್ಷ ಸರ್ಕಾರದ ಯುದ್ಧವನ್ನೇ ಬೆಂಬಲಿಸುತ್ತಿತ್ತು. ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರು ಶರಣಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟಾದರೂ ಶಿಕ್ಷೆ ಬದಲಾಗಲಿಲ್ಲ.

ಬರೆದವರು ಯಾರು?

ನಿರಂಜನ ಎಂಬುದು ಕಾವ್ಯನಾಮ. ನಿಜವಾದ ಹೆಸರು ಕುಳ್ಕುಂದ ಶಿವರಾಯ. ಹುಟ್ಟಿದ್ದು 1924ರಲ್ಲಿ, ಸುಳ್ಯದ ಕಡೆಯ ಕುಳ್ಕುಂದದಲ್ಲಿ. ಹೈಸ್ಕೂಲು ಓದಿದ್ದು ಮಾತ್ರ ನೀಲೇಶ್ವರದಲ್ಲಿ, ಕಯ್ಯೂರಿನ ನೆರೆಯಲ್ಲೇ. ಕನ್ನಡದ ಹುಡುಗ ಮಲಯಾಳದ ಊರಿನಲ್ಲಿ ಕೂತು ಕಲಿತ. ರೈತ ಸಂಘದ ಸುದ್ದಿ ಅವನ ಕಿವಿಗೆ ಬಿದ್ದದ್ದು ಪತ್ರಿಕೆಯಿಂದಲ್ಲ, ಸುತ್ತಲಿನ ಊರುಗಳಿಂದಲೇ. ಆಮೇಲೆ ಮಂಗಳೂರಿನಲ್ಲಿ ಪತ್ರಕರ್ತನಾಗಿ ದುಡಿದು, ಎಡ ಚಳವಳಿಯಲ್ಲಿ ತೊಡಗಿ, ಭೂಗತನಾಗಿದ್ದು ಹೊರಬಂದ. ಅ.ನ.ಕೃ. ಮುಂದಾಳುತನದ ಪ್ರಗತಿಶೀಲ ಲೇಖಕರ ಸಾಲಿನಲ್ಲಿ ತ.ರಾ.ಸು., ಕಟ್ಟೀಮನಿ ಅವರ ಜೊತೆಗೆ ನಿರಂಜನರ ಹೆಸರೂ ಬರುತ್ತದೆ.

ಗೋರ್ಕಿಯ 'ತಾಯಿ' ಕಾದಂಬರಿಯನ್ನು ಕನ್ನಡಕ್ಕೆ ತಂದವರೂ ಇವರೇ. ಸೋವಿಯತ್ ಸಾಹಿತ್ಯ ಇವರಿಗೆ ದೂರದ ಮಾತಾಗಿರಲಿಲ್ಲ.

ಗಲ್ಲು ನಡೆದು 12 ವರ್ಷವಾದ ಮೇಲೆ ಕಾದಂಬರಿ ಬಂತು. ಆಗ ಬ್ರಿಟಿಷರು ಹೋಗಿದ್ದರು. ಭಾಷಾವಾರು ರಾಜ್ಯಗಳ ಮರುವಿಂಗಡಣೆ ಇನ್ನೂ ಆಗಿರಲಿಲ್ಲ. ಪುಸ್ತಕ ಬಂದ ವರ್ಷ ಕಯ್ಯೂರೂ ಜವಳಗಿರಿಯೂ ಮದರಾಸು ರಾಜ್ಯದಲ್ಲೇ ಇದ್ದವು. ಮರುವರ್ಷ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಹೋಯಿತು. ಈ ಕಡೆಯ ಊರುಗಳು ಮದರಾಸಿನಲ್ಲೇ ಉಳಿದವು. 'ಚಿರಸ್ಮರಣೆ'ಯ ಊರು ಹೀಗೆ ಬರೆದವನ ಭಾಷೆಯ ರಾಜ್ಯದಿಂದ ಆಚೆಗೆ ಬಿತ್ತು.

ಕಾದಂಬರಿಯ ಹೆಣಿಗೆ ಸರಳವಾಗಿದೆ. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರ ಶಾಲೆಯ ದಿನಗಳಿಂದ ಕತೆ ಬೆಳೆಯುತ್ತದೆ. ಊರಿಗೆ ಬಂದ ಮೇಷ್ಟ್ರು ಅವರ ಕಣ್ಣು ತೆರೆಸುತ್ತಾರೆ. ಹುಡುಗರು ಬೆಳೆದು ಸಂಘ ಕಟ್ಟುತ್ತಾರೆ, ಜಮೀನ್ದಾರರ ಸಿಟ್ಟಿಗೆ ಗುರಿಯಾಗುತ್ತಾರೆ. ಕೊನೆಗೆ ಹೊಳೆ, ಪೊಲೀಸು, ಕೋರ್ಟು, ಗಲ್ಲು. ಪುಸ್ತಕ ತೆರೆಯುವ ಮೊದಲೇ ಓದುಗನಿಗೆ ಕೊನೆ ಗೊತ್ತಿರುತ್ತದೆ. ಆದರೂ ಕೊನೆಯ ಭಾಗ ಓದುವಾಗ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ.

ಹುಡುಗರ ಬಾಲ್ಯದ ಮಾತುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಮನೆಯೊಳಗೆ ತಾಯಿ ಆಡಿದ ಮಾತು, ಬಯಲಿನಲ್ಲಿ ಗೆಳೆಯರು ಹಂಚಿಕೊಂಡ ಗುಟ್ಟು ಯಾವ ದಾಖಲೆಯಲ್ಲೂ ಇಲ್ಲ. ಅವೆಲ್ಲ ನಿರಂಜನರೇ ಕಟ್ಟಿದ್ದು. ಮೇಷ್ಟ್ರ ಪಾತ್ರವನ್ನೂ ಇಂಥ ಒಬ್ಬ ವ್ಯಕ್ತಿಯೇ ಎಂದು ಹಿಡಿಯಲು ಹೋಗಬೇಕಾಗಿಲ್ಲ. ಆ ಕಾಲದಲ್ಲಿ ಉತ್ತರ ಮಲಬಾರಿನ ರೈತ ಸಂಘಗಳಲ್ಲಿ ಶಾಲಾ ಮೇಷ್ಟ್ರುಗಳು ಬಹಳ ಮಂದಿ ಇದ್ದರು. ಅವರೆಲ್ಲರ ನೆರಳು ಆ ಪಾತ್ರದಲ್ಲಿದೆ. ಆದರೆ ಊರು ಯಾವುದು, ಗಲ್ಲಿಗೇರಿದವರು ಯಾರು, ಯಾಕೆ ಎಂಬುದನ್ನು ಅವರು ಬದಲಿಸಲಿಲ್ಲ.

ಇಲ್ಲಿಯೇ ಕಷ್ಟ ಶುರುವಾಗುವುದು. ಕಟ್ಟಿದ್ದನ್ನೂ ನಡೆದದ್ದನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿದರೆ, ಅದು ನಿಜ ಎಂದು ಯಾವ ಧೈರ್ಯದಿಂದ ಹೇಳುವುದು?

ರಷ್ಯದಲ್ಲಿ ಇದೇ ಪ್ರಶ್ನೆ

ಕಯ್ಯೂರಿನ ಆರೋಪಿಗಳು ಸೆರೆಯಲ್ಲಿದ್ದ 1942ರ ಬೇಸಗೆಯಲ್ಲೇ ಮಾಸ್ಕೋದಲ್ಲಿ ಒಂದು ಕಾದಂಬರಿ ಧಾರಾವಾಹಿಯಾಗಿ ಬರತೊಡಗಿತು. ಬರೆದವರು ವಾಸಿಲಿ ಗ್ರಾಸ್‌ಮನ್. ಹೆಸರು, ಕನ್ನಡದಲ್ಲಿ ಹೇಳುವುದಾದರೆ, 'ಜನತೆಗೆ ಸಾವಿಲ್ಲ'. ಅಚ್ಚಾದದ್ದು ಸೈನ್ಯದ ಪತ್ರಿಕೆ 'ಕ್ರಾಸ್ನಾಯಾ ಜ್ವೆಜ್ದಾ'ದಲ್ಲಿ, ಅಂದರೆ 'ಕೆಂಪು ನಕ್ಷತ್ರ'ದಲ್ಲಿ, ಜುಲೈ 19ರಿಂದ ಆಗಸ್ಟ್ 12ರವರೆಗೆ. ಜರ್ಮನರ ಜೊತೆಗಿನ ಯುದ್ಧದ ಮೇಲೆ ಸೋವಿಯತ್ ದೇಶದಲ್ಲಿ ಬಂದ ಮೊದಮೊದಲ ಕಾದಂಬರಿಗಳಲ್ಲಿ ಇದೊಂದು.

ಗ್ರಾಸ್‌ಮನ್ ಹುಟ್ಟಿದ್ದು 1905ರಲ್ಲಿ, ಉಕ್ರೇನಿನ ಬೆರ್ದಿಚೆವ್ ಪಟ್ಟಣದ ಯಹೂದಿ ಮನೆಯಲ್ಲಿ. ಓದಿದ್ದು ರಸಾಯನಶಾಸ್ತ್ರ, ಮೊದಲು ಕೆಲಸ ಮಾಡಿದ್ದು ಕಲ್ಲಿದ್ದಲ ಗಣಿ ಪ್ರದೇಶದಲ್ಲಿ. ಯುದ್ಧ ಬಂದಾಗ ದಪ್ಪ ಮೈ, ಕನ್ನಡಕದ ಕಣ್ಣು. ಸಿಪಾಯಿ ಕೆಲಸಕ್ಕೆ ಆಗುವಂತಿರಲಿಲ್ಲ. ಆದರೂ ಹೋಗುತ್ತೇನೆಂದು ಹೆಸರು ಕೊಟ್ಟರು. ಪತ್ರಿಕೆಯ ಸಂಪಾದಕ ಓರ್ತೆನ್‌ಬರ್ಗ್ ಅವರನ್ನು ವರದಿಗಾರನಾಗಿ ಸೇರಿಸಿಕೊಂಡು ರಣರಂಗಕ್ಕೆ ಕಳಿಸಿದರು. ಯುದ್ಧದಲ್ಲಿ ಅವರು ಸುಮಾರು 1000 ದಿನ ಮುಂಚೂಣಿಯಲ್ಲೇ ಕಳೆದರು.

ಅವರ ಕೆಲಸದ ರೀತಿ ಬೇರೆಯಾಗಿತ್ತು. ಸೈನಿಕರ ಜೊತೆ ಮಾತಿಗೆ ಕೂತಾಗ ಪುಸ್ತಕ, ಪೆನ್ಸಿಲ್ ಹೊರಗೆ ತೆಗೆಯುತ್ತಿರಲಿಲ್ಲ. ಕಾಗದ ಕಂಡರೆ ಜನ ಮಾತು ನಿಲ್ಲಿಸುತ್ತಾರೆ, ಇಲ್ಲವೇ ಭಾಷಣ ಶುರುಮಾಡುತ್ತಾರೆ. ಅವರು ಸುಮ್ಮನೆ ಕೇಳಿಸಿಕೊಂಡು, ರಾತ್ರಿ ಕೂತು ನೆನಪಿನಿಂದ ಎಲ್ಲ ಬರೆದಿಡುತ್ತಿದ್ದರು. ಪಂಚಾಯಿತಿ ಕಟ್ಟೆಯಲ್ಲಿ ಸುದ್ದಿ ಹುಡುಕುವವರಿಗೆ ಈ ಗುಟ್ಟು ಗೊತ್ತಿರುವಂಥದ್ದೇ.

1941 ಸೋಲಿನ ವರ್ಷ. ಜರ್ಮನರು ಊರಿಂದ ಊರಿಗೆ ನುಗ್ಗುತ್ತಿದ್ದರು, ಸೋವಿಯತ್ ಸೇನೆ ಹಿಂದೆ ಸರಿಯುತ್ತಿತ್ತು. ಗೋಮೆಲ್ ನಗರ ಉರಿದದ್ದನ್ನು ಗ್ರಾಸ್‌ಮನ್ ಕಂಡರು. ಅಕ್ಟೋಬರಿನಲ್ಲಿ ಓರೆಲ್ ನಗರ ಬಿದ್ದಾಗ ಸ್ವಲ್ಪದರಲ್ಲಿ ಶತ್ರುವಿನ ಕೈಗೆ ಸಿಗುವುದರಿಂದ ಪಾರಾಗಿ ಮಾಸ್ಕೋಗೆ ಬಂದರು. ಓರೆಲ್ಲಿನ ವೀರೋಚಿತ ರಕ್ಷಣೆಯ ಬಗ್ಗೆ ಯಾಕೆ ಏನೂ ಬರೆದಿಲ್ಲ ಎಂದು ಸಂಪಾದಕರು ಸಿಟ್ಟಾದರು. ಅಲ್ಲಿ ರಕ್ಷಣೆ ಅನ್ನುವುದೇ ನಡೆಯಲಿಲ್ಲವಲ್ಲ ಎಂಬುದು ಗ್ರಾಸ್‌ಮನ್ ಕೊಟ್ಟ ಉತ್ತರದ ಸಾರ. ಯುದ್ಧಕಾಲದಲ್ಲಿ ಸರ್ಕಾರಿ ಪತ್ರಿಕೆಯ ವರದಿಗಾರ ಇಷ್ಟು ಹೇಳುವುದು ಸಣ್ಣ ಸಂಗತಿಯಲ್ಲ.

1942ರ ವಸಂತದಲ್ಲಿ ರಜೆ ಪಡೆದು ಬರೆದ ಕಾದಂಬರಿಗೂ ಅವರು ಆರಿಸಿಕೊಂಡದ್ದು ಆ ಸೋಲಿನ ಬೇಸಗೆಯನ್ನೇ. ಶತ್ರುಗಳು ಸುತ್ತುವರಿದ ಒಂದು ತುಕಡಿ ಹೊರಬರುವ ಕತೆ ಅದು. ಬೊಗಾರ್ಯೊವ್ ಎಂಬ ಕಮಿಸಾರ್, ಇಗ್ನಾತಿಯೆವ್ ಎಂಬ ಹಳ್ಳಿಯ ಸಿಪಾಯಿ ಇದರ ಮುಖ್ಯ ಪಾತ್ರಗಳು. ಬೊಗಾರ್ಯೊವ್ ಪಾತ್ರಕ್ಕೆ ಆಧಾರ, ತನ್ನ ಜನರನ್ನು ಹಾಗೆಯೇ ಹೊರತಂದಿದ್ದ ಶ್ಲ್ಯಾಪಿನ್ ಎಂಬ ನಿಜವಾದ ಕಮಿಸಾರ್. ಗ್ರಾಸ್‌ಮನ್ 1941ರ ಸೆಪ್ಟೆಂಬರಿನಲ್ಲಿ ಅವರನ್ನು ಕಂಡು ಮಾತಾಡಿಸಿದ್ದರು.

ಧಾರಾವಾಹಿ ಅರ್ಧ ಬರುತ್ತಿದ್ದಾಗಲೇ, ಜುಲೈ 28ರಂದು, ಒಂದು ಹೆಜ್ಜೆಯೂ ಹಿಂದೆ ಸರಿಯಕೂಡದೆಂಬ ಸ್ಟಾಲಿನ್ ಆಜ್ಞೆ ಹೊರಟಿತು. ಸೇನೆ ಹಿಂದೆ ಸರಿದದ್ದೇ ಕತೆಯಾಗಿರುವ ಕಾದಂಬರಿ ಸೇನೆಯದೇ ಪತ್ರಿಕೆಯಲ್ಲಿ ಆ ದಿನಗಳಲ್ಲಿ ಬರುತ್ತಿತ್ತು.

ಹಾಗೆಂದು ಇದು ಪೂರ್ತಿ ನಿಜ ಹೇಳಿದ ಪುಸ್ತಕವೇ? ಅಲ್ಲ. ಸೈನಿಕರ ಎದೆಗುಂದಬಾರದು ಎಂಬ ಉದ್ದೇಶ ಅದರ ಸಾಲುಸಾಲಿನಲ್ಲೂ ಇದೆ. ಬೊಗಾರ್ಯೊವ್ ಕೆಲವು ಕಡೆ ಮನುಷ್ಯನಿಗಿಂತ ಹೆಚ್ಚಾಗಿ ಪಾಠದಂತೆ ಮಾತಾಡುತ್ತಾನೆ. ಸಂಪಾದಕರು ಹಸ್ತಪ್ರತಿಯಿಂದ ಭಾಗಗಳನ್ನೂ ಕತ್ತರಿಸಿದ್ದರು. ಹಾಗೆ ಬಿಟ್ಟುಹೋಗಿದ್ದನ್ನು ಸೇರಿಸಿದ ಇಂಗ್ಲಿಷ್ ಅನುವಾದ ಬಂದದ್ದು 2022ರಲ್ಲಿ, ಅಂದರೆ 80 ವರ್ಷಗಳ ಬಳಿಕ. ಆದರೆ ಕತ್ತರಿಸಿ ಉಳಿದದ್ದರಲ್ಲೂ ಅನುಕೂಲಕ್ಕೆ ಬಾರದ ಸಂಗತಿಗಳಿವೆ. ಕೊತೆಂಕೊ ಎಂಬ ರೈತ ಜರ್ಮನರು ಬಂದರೆ ತನಗೆ ಒಳ್ಳೆಯದಾದೀತು ಎಂದು ಕಾಯುತ್ತಾನೆ. ಸೋವಿಯತ್ ಹಳ್ಳಿಯಲ್ಲಿ ಅಂಥವನೂ ಇದ್ದ ಎಂದು ಒಪ್ಪಿಕೊಳ್ಳುವುದೇ ಆಗ ದೊಡ್ಡ ಮಾತು. ಅವನ ಆಸೆ ಮಣ್ಣುಪಾಲಾಗುತ್ತದೆ ಅನ್ನುವುದು ಬೇರೆ.

ಅದೇ ಪುಸ್ತಕದಲ್ಲಿ ಮರಿಯಾ ತಿಮೊಫೆಯೆವ್ನಾ ಎಂಬ ಮುದುಕಿ ಬರುತ್ತಾಳೆ. ಮಗ ಸೇನೆಯಲ್ಲಿ ದೊಡ್ಡ ಕಮಿಸಾರ್, ತಾಯಿ ಹಳ್ಳಿಯಲ್ಲಿ ಉಳಿದವಳು. ಜರ್ಮನರು ಅವಳನ್ನು ಕೊಲ್ಲುತ್ತಾರೆ. ಗ್ರಾಸ್‌ಮನ್ನರ ತಾಯಿಯೂ ಬೆರ್ದಿಚೆವ್‌ನಲ್ಲೇ ಉಳಿದಿದ್ದರು. ಮಗ ಹೋಗಿ ಕರೆತರುವ ಮುಂಚೆ ಊರು ಜರ್ಮನರ ವಶವಾಗಿತ್ತು. 1941ರ ಸೆಪ್ಟೆಂಬರ್ 15ರಂದು ಊರಿನ ಸಾವಿರಾರು ಯಹೂದಿಗಳ ಜೊತೆ ಆ ತಾಯಿಯನ್ನೂ ಗುಂಡಿಟ್ಟು ಕೊಂದರು. ಕಾದಂಬರಿ ಬರೆಯುವಾಗ ಮಗನಿಗೆ ಖಚಿತ ಸುದ್ದಿ ಇರಲಿಲ್ಲ, ಭಯ ಮಾತ್ರ ಇತ್ತು. ಖಚಿತವಾಗಿ ತಿಳಿದದ್ದು 1944ರಲ್ಲಿ, ಊರು ಬಿಡುಗಡೆಯಾದ ಮೇಲೆ. ಮುದುಕಿಯ ಆ ಪ್ರಸಂಗ ನಡೆದದ್ದೋ ಕಟ್ಟಿದ್ದೋ ಎಂದು ಕೇಳಿದರೆ ಯಾವ ಉತ್ತರ ಸರಿ?

ಇನ್ನೊಂದು ಸಂಗತಿ ನಗು ತರಿಸುವಂಥದ್ದು. ಬಾಬಜಾನ್ಯನ್ ಎಂಬ ಅರ್ಮೇನಿಯಾದ ಸೇನಾಧಿಕಾರಿಯನ್ನು ಗ್ರಾಸ್‌ಮನ್ 1941ರಲ್ಲಿ ಕಂಡಿದ್ದರು. ಆತ ಯುದ್ಧದಲ್ಲಿ ಸತ್ತರೆಂಬ ಸುದ್ದಿ ನಂಬಿ, ಗೌರವಕ್ಕೆಂದು ನಿಜವಾದ ಹೆಸರನ್ನೇ ಇಟ್ಟು, ಕಾದಂಬರಿಯಲ್ಲಿ ವೀರಮರಣ ಕೊಟ್ಟರು. ಆತ ಸತ್ತಿರಲಿಲ್ಲ! ಯುದ್ಧ ನಡೆಯುತ್ತಿರುವಾಗಲೇ ಇಬ್ಬರೂ ಮುಖಾಮುಖಿಯಾದರು. ಬಾಬಜಾನ್ಯನ್ ಮುಂದೆ ಟ್ಯಾಂಕ್ ಪಡೆಯ ಮಾರ್ಷಲ್ ಹುದ್ದೆಗೂ ಏರಿದರು. ನಿಜವಾದ ಹೆಸರು ಬಳಸುವವನು ಎಷ್ಟು ಎಚ್ಚರದಲ್ಲಿರಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಗ್ರಾಸ್‌ಮನ್ ಕತೆ ಅಲ್ಲಿಗೆ ನಿಲ್ಲಲಿಲ್ಲ. ಸ್ಟಾಲಿನ್‌ಗ್ರಾಡಿನಲ್ಲಿ ತಿಂಗಳುಗಟ್ಟಲೆ ಇದ್ದು ಬರೆದರು. 1944ರಲ್ಲಿ ಟ್ರೆಬ್ಲಿಂಕಾದ ಕೊಲೆಶಿಬಿರದ ಬಗ್ಗೆ ಬರೆದ ವರದಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಬಳಕೆಯಾಯಿತು. ಯುದ್ಧದ ಬಗೆಗಿನ ಅವರ ದೊಡ್ಡ ಕಾದಂಬರಿ 'ಬದುಕು ಮತ್ತು ವಿಧಿ'ಯಲ್ಲಿ ಹಿಟ್ಲರನ ಆಳ್ವಿಕೆಗೂ ಸ್ಟಾಲಿನ್ ಆಳ್ವಿಕೆಗೂ ಇದ್ದ ಹೋಲಿಕೆಯನ್ನು ನೇರವಾಗಿ ಕೇಳಿದ್ದರಿಂದ 1961ರಲ್ಲಿ ಪೊಲೀಸರು ಮನೆಗೆ ಬಂದು ಹಸ್ತಪ್ರತಿಯನ್ನೇ ಹೊತ್ತೊಯ್ದರು. 1964ರಲ್ಲಿ ಲೇಖಕ ತೀರಿಕೊಂಡರು. ಕಾದಂಬರಿ ಅಚ್ಚಾದದ್ದು 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಅವರ ದೇಶದಲ್ಲಿ 1988ರಲ್ಲಿ. ಮಾಸ್ಕೋದಿಂದ ಕಡಿಮೆ ಬೆಲೆಗೆ ಬರುತ್ತಿದ್ದ ಪುಸ್ತಕಗಳು ಒಂದು ಕಾಲದಲ್ಲಿ ಕನ್ನಡ, ತಮಿಳು ಓದುಗರ ಮನೆಮನೆಗೂ ತಲುಪಿದ್ದವು. ಅವುಗಳ ನಡುವೆ ಈ ಪುಸ್ತಕಕ್ಕೆ ಜಾಗ ಇರಲಿಲ್ಲ.

ಪೇದೆಯ ಸಾವನ್ನು ಏನು ಮಾಡುವುದು?

ಈಗ ಮತ್ತೆ ತೇಜಸ್ವಿನಿಯ ದಂಡೆಗೆ ಬರೋಣ. ಗ್ರಾಸ್‌ಮನ್ ಎದುರಿಗಿದ್ದ ಕಷ್ಟ ಸೋಲು. ನಿರಂಜನರ ಎದುರಿಗಿದ್ದದ್ದು ಆ ಪೇದೆಯ ಸಾವು.

ರೈತರ ಪರವಾಗಿ ಬರೆಯುವವನಿಗೆ ಇದು ಇರಿಸುಮುರಿಸಿನ ಸಂಗತಿ. ಸತ್ತವನು ಜನ್ಮಿಯಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಕಡಿಮೆ ಸಂಬಳದ ಪೇದೆ. ಅವನನ್ನು ಮೆರವಣಿಗೆ ಮುಂದೆ ನಡೆಸಿದ್ದು, ಹೊಳೆಗೆ ಅಟ್ಟಿದ್ದು ಅದೇ ಬಡ ರೈತರು. ಬೇಡವಾಗಿದ್ದರೆ ಕಾದಂಬರಿಕಾರ ಸುಲಭದ ದಾರಿ ಹಿಡಿಯಬಹುದಿತ್ತು. ಊರಿನ ಹೆಸರು ಬದಲಿಸಿ, ಪೇದೆ ಕಾಲುಜಾರಿ ಬಿದ್ದ ಎನ್ನಬಹುದಿತ್ತು. ಇಲ್ಲವೇ ಪೇದೆಯನ್ನು ರಾಕ್ಷಸನನ್ನಾಗಿ ಮಾಡಿ, ಸತ್ತದ್ದೇ ಒಳ್ಳೆಯದಾಯಿತು ಎಂದು ಓದುಗನಿಂದಲೇ ಅನ್ನಿಸಬಹುದಿತ್ತು. ನಿರಂಜನರು ಕತೆಯನ್ನು ಕಯ್ಯೂರಿನಿಂದ ಎತ್ತಿ ಬೇರೆಡೆ ಇಡಲಿಲ್ಲ, ಸಾವನ್ನೂ ಬಿಡಲಿಲ್ಲ. ಇಡೀ ಕಾದಂಬರಿ ಆ ಹೊಳೆಯ ಕಡೆಗೇ ನಡೆಯುತ್ತದೆ.

ಕೋರ್ಟು ಕೇಳುವುದು ಕಲ್ಲು ಎಸೆದವರು ಯಾರು ಎಂದು. ಕಾದಂಬರಿ ಕೇಳುವುದು, ಆ ದಿನ ಇಷ್ಟು ಜನ ಮನೆಯ ಕೆಲಸ ಬಿಟ್ಟು ರಸ್ತೆಗೆ ಯಾಕೆ ಬಂದರು ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ 1942ರ ಹೊತ್ತಿಗೆ ತೀರ್ಪು ಬಂದಿತ್ತು. ಎರಡನೆಯದನ್ನು ಯಾರೂ ವಿಚಾರಣೆಗೆ ತೆಗೆದುಕೊಂಡಿರಲಿಲ್ಲ. ಗೇಣಿ ಅಳೆಯುವ ದಿನ ಅಂಗಳದಲ್ಲಿ ನಿಂತವನ ಮುಖ ಹೇಗಿರುತ್ತದೆ, ಒಕ್ಕಲೆಬ್ಬಿಸಿದ ಮನೆಯ ಒಲೆ ಹೇಗಿರುತ್ತದೆ ಎಂಬುದು ಆರೋಪಪಟ್ಟಿಯಲ್ಲಿ ಬರುವ ಮಾತಲ್ಲ. ನಿರಂಜನರು ಕಟ್ಟಿ ಸೇರಿಸಿದ ಭಾಗಗಳೆಲ್ಲ ಹೆಚ್ಚಾಗಿ ಇಂಥವು. ಘಟನೆಯನ್ನು ಬದಲಿಸಲು ಕಟ್ಟಿದ್ದಲ್ಲ, ಘಟನೆ ತಾನಾಗಿ ಹೇಳದಿದ್ದುದನ್ನು ಹೇಳಿಸಲು ಕಟ್ಟಿದ್ದು.

ದೋಷವಿಲ್ಲವೆಂದಲ್ಲ. ಜಮೀನ್ದಾರರ ಒಳಮನಸ್ಸಿನ ಹತ್ತಿರ ಈ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿಳುಪು ಬಿಳುಪಾಗಿಯೇ, ಕಪ್ಪು ಕಪ್ಪಾಗಿಯೇ ಕಾಣುವ ಪ್ರಗತಿಶೀಲರ ಅಭ್ಯಾಸ ಇಲ್ಲೂ ಇದೆ. ಮೇಷ್ಟ್ರ ಮಾತು ಕೆಲವೆಡೆ, ಬೊಗಾರ್ಯೊವ್ ಮಾತಿನಂತೆಯೇ, ಸಭೆಯ ಭಾಷಣದ ಕಡೆ ವಾಲುತ್ತದೆ. ಪೇದೆಯ ಮನೆಯಲ್ಲಿ ಆ ರಾತ್ರಿ ಏನಾಯಿತು ಎಂಬ ಕತೆಯನ್ನು ಬರೆಯಲು ಇನ್ನೊಬ್ಬ ಕಾದಂಬರಿಕಾರನೇ ಬೇಕಾದೀತು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಗ್ರಾಸ್‌ಮನ್ ಬರೆದದ್ದು ಗುಂಡಿನ ಸದ್ದಿನ ನಡುವೆ, ಮೇಲೆ ಸೆನ್ಸಾರ್ ಕತ್ತರಿ. ತಪ್ಪು ಬರೆದರೆ ಕೇಳಲು ಬಾಬಜಾನ್ಯನ್ ಜೀವಂತ ಬಂದ. ನಿರಂಜನರಿಗೆ 12 ವರ್ಷದ ಬಿಡುವಿತ್ತು, ಆ ಕತ್ತರಿಯ ಕಾಟ ಇರಲಿಲ್ಲ. ಆದರೆ ಅಪ್ಪುವಾಗಲಿ ಅಬೂಬಕ್ಕರ್ ಆಗಲಿ ಎದ್ದುಬಂದು, ನಾನು ಹಾಗೆ ಹೇಳಿರಲಿಲ್ಲ ಎನ್ನುವಂತಿರಲಿಲ್ಲ. ಕೇಳುವವರಿಲ್ಲದ ಕಡೆ ನಿಜಕ್ಕೆ ಅಂಟಿಕೊಳ್ಳುವುದು ಇನ್ನೂ ಕಷ್ಟ.

ಮಲಯಾಳಿಗಳ ಬಾಯಲ್ಲಿ ಕನ್ನಡ

ಗಡಿನಾಡಿನ ಓದುಗರು ಮಾತ್ರ ಗಮನಿಸುವ ಇನ್ನೊಂದು ವಿಷಯವಿದೆ. ಕಯ್ಯೂರಿನ ರೈತರು ಆಡುತ್ತಿದ್ದದ್ದು ಮಲಯಾಳ. ಕಾದಂಬರಿಯಲ್ಲಿ ಅವರೆಲ್ಲ ಕನ್ನಡದಲ್ಲಿ ಮಾತಾಡುತ್ತಾರೆ. ಹಾಗಾದರೆ ಮೊದಲ ಸಾಲಿನಲ್ಲೇ ಸುಳ್ಳು ಬಂದಂತಾಗಲಿಲ್ಲವೇ? ಎರಡು ಭಾಷೆಯ ಊರಿನಲ್ಲಿ ಬದುಕುವವರಿಗೆ ಇದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಸಂತೆಯಲ್ಲಿ ತಮಿಳಿನಲ್ಲಿ ಆದ ಜಗಳವನ್ನು ಮನೆಗೆ ಬಂದು ಕನ್ನಡದಲ್ಲಿ ಹೇಳುವಾಗ ಯಾರೂ ಅನುವಾದ ಮಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಜಗಳದಲ್ಲಿ ಯಾರು ಏನು ಅಂದರು ಎಂಬುದನ್ನು ಮಾತ್ರ ತಪ್ಪಿಸುವುದಿಲ್ಲ. ನೀಲೇಶ್ವರದಲ್ಲಿ ಓದಿದ ಕುಳ್ಕುಂದದ ಹುಡುಗನಿಗೂ ಅದು ರೂಢಿಯ ಕೆಲಸವೇ.

ಕನ್ನಡದಲ್ಲಿ ಹೇಳಿದ ಆ ಕತೆ ಆಮೇಲೆ ಮಲಯಾಳಕ್ಕೂ ಹೋಯಿತು. ತಮ್ಮ ಊರಿನ ಕತೆಯನ್ನು ಅಲ್ಲಿನವರು ಕನ್ನಡದ ಮೂಲಕ ತಿರುಗಿ ಪಡೆದರು. ಇಂಗ್ಲಿಷಿಗೆ ಅನುವಾದಿಸಿದವರು ನಿರಂಜನರ ಮಗಳು ತೇಜಸ್ವಿನಿ ನಿರಂಜನ. 1986ರಲ್ಲಿ ಲೆನಿನ್ ರಾಜೇಂದ್ರನ್ ಕಯ್ಯೂರಿನ ಘಟನೆಯ ಮೇಲೆ 'ಮೀನಮಾಸತ್ತಿಲೆ ಸೂರ್ಯನ್' ಎಂಬ ಮಲಯಾಳ ಸಿನಿಮಾ ಮಾಡಿದರು.

ನಿರಂಜನರು 'ಚಿರಸ್ಮರಣೆ'ಯ ಬಳಿಕವೂ ಬಹಳ ಬರೆದರು. ಈಜಿಪ್ಟಿನ ಹಿನ್ನೆಲೆಯ 'ಮೃತ್ಯುಂಜಯ', ಮಕ್ಕಳಿಗಾಗಿ 'ಜ್ಞಾನ ಗಂಗೋತ್ರಿ', ನವಕರ್ನಾಟಕ ಪ್ರಕಾಶನಕ್ಕಾಗಿ 25 ಸಂಪುಟಗಳ 'ವಿಶ್ವಕಥಾಕೋಶ' ಅವರ ದೊಡ್ಡ ಕೆಲಸಗಳು. ಪಾರ್ಶ್ವವಾಯು ಬಡಿದ ಮೇಲೂ ಕೆಲಸ ನಿಲ್ಲಿಸಲಿಲ್ಲ. 1992ರಲ್ಲಿ ತೀರಿಕೊಂಡರು.

ಒಕ್ಕಲೆಬ್ಬಿಸುವ ಪದ್ಧತಿ ಆ ಪ್ರದೇಶದಲ್ಲಿ ನಿಂತದ್ದು ಕಾದಂಬರಿ ಬಂದ ಬಳಿಕ. 1957ರ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ಸರ್ಕಾರ ಒಂದು ವಾರದೊಳಗೆ ಸುಗ್ರೀವಾಜ್ಞೆ ಹೊರಡಿಸಿ ಗೇಣಿದಾರರನ್ನು ಎಬ್ಬಿಸುವುದಕ್ಕೆ ತಡೆ ಹಾಕಿತು. ಗೇಣಿಪದ್ಧತಿ ಪೂರ್ತಿ ಹೋದದ್ದು 1970ರ ಜನವರಿ 1ರಿಂದ. ಆ ಹೊತ್ತಿಗೆ ನಾಲ್ವರು ಗಲ್ಲಿಗೇರಿ 26 ವರ್ಷ ಕಳೆದಿತ್ತು. ಈಗಲೂ ಪ್ರತಿ ಮಾರ್ಚ್ 29ರಂದು ಕಯ್ಯೂರಿನಲ್ಲಿ ಜನ ಸೇರುತ್ತಾರೆ.

ಮನೆಯಲ್ಲಿ ಎರಡೂ ಪ್ರತಿ ಸಿಕ್ಕಿದರೆ ತಾತ, ಮೊಮ್ಮಗ ಪೇದೆ ಹೊಳೆಗೆ ಹಾರುವ ಭಾಗವನ್ನು ಕನ್ನಡದಲ್ಲೂ ತಮಿಳಿನಲ್ಲೂ ಪಕ್ಕಪಕ್ಕ ಇಟ್ಟು ಓದಿ ನೋಡಬಹುದು.